ಡ್ರ್ಯಾಗನ್ ಚಂದ ಇದೆ ಸರಿ, ಫೈವ್ ಆಫ್ ಕಪ್ಸ್ ನೋಡಿದಿರಾ?

ಪುರಾಣದ ಪ್ರಾಣಿಗಳ ಚಿತ್ರವಿರುವ ಟ್ಯಾರೋ ಡೆಕ್ (ಭವಿಷ್ಯ ಕೇಳಲು ಬಳಸುವ ಚಿತ್ರದ ಕಾರ್ಡುಗಳ ಕಟ್ಟು) ಬಗ್ಗೆ ಬರುವ ಪ್ರಶ್ನೆಗಳಿಗೆ ಒಬ್ಬೊಬ್ಬರಿಗೂ ಬೇರೆ ಬೇರೆ ಬರೆದು ಸಾಕಾಗಿದೆ. ಒಬ್ಬರಿಗೆ ಡ್ರ್ಯಾಗನ್, ಇನ್ನೊಬ್ಬರಿಗೆ ಯೂನಿಕಾರ್ನ್, ಮತ್ತೊಬ್ಬರಿಗೆ ಮತ್ಸ್ಯಕನ್ಯೆ. ಪ್ರಾಣಿ ಬದಲಾಗುತ್ತದೆ, ಪ್ರಶ್ನೆ ಮಾತ್ರ ಅದೇ. ಹಾಗಾಗಿ ಈ ಸಲ ಎಲ್ಲದಕ್ಕೂ ಇಲ್ಲೇ ಉತ್ತರ. ಟ್ಯಾರೋ ಎಂದರೇನು ಎಂಬಲ್ಲಿಂದ ಶುರು ಮಾಡುವುದಿಲ್ಲ. ಡೆಕ್ ಕೊಳ್ಳಲು ಹೊರಟವರಿಗೆ ಒಟ್ಟು 78 ಕಾರ್ಡು, ಅದರಲ್ಲಿ 22 ಮೇಜರ್ (ಮೂನ್, ಡೆತ್ ಥರ ಒಂದೊಂದಕ್ಕೂ ಹೆಸರಿರುವವು), 56 ಮೈನರ್ (ಇಸ್ಪೀಟಿನ ಹಾಗೆ ನಾಲ್ಕು ಸೂಟುಗಳವು: ವಾಂಡ್ಸ್ ಅಂದರೆ ದಂಡ, ಕಪ್ಸ್ ಬಟ್ಟಲು, ಸ್ವೋರ್ಡ್ಸ್ ಕತ್ತಿ, ಪೆಂಟಕಲ್ಸ್ ನಾಣ್ಯ) ಎಂಬುದಾದರೂ ಗೊತ್ತಿರಬೇಕು.

ಮೊದಲ ಡೆಕ್ ನಾವೇ ಕೊಳ್ಳಬಾರದು, ಯಾರಾದರೂ ಉಡುಗೊರೆ ಕೊಡಬೇಕು ಅಂತಾರೆ. ನಿಜವೇ?

ಸುಳ್ಳು. ನಿಮಗೆ ಬೇಕಾದ್ದನ್ನು ನೀವೇ ಕೊಳ್ಳಿ.

ಕಲಿಯಲು ಶುರು ಮಾಡಿ ಕೆಲವು ತಿಂಗಳಾಯಿತು. ಈಗ ಪುರಾಣದ ಪ್ರಾಣಿಗಳ ಡೆಕ್ ಕೊಳ್ಳಬೇಕು ಅಂತಿದ್ದೇನೆ. ಎರಡು ಮೂರು ನೋಡಿಟ್ಟಿದ್ದೇನೆ, ಎಲ್ಲದರ ಚಿತ್ರವೂ ತುಂಬಾ ಚೆನ್ನಾಗಿದೆ. "ಯಾವುದು ನಿನ್ನನ್ನು ಸೆಳೆಯುತ್ತೋ ಅದನ್ನೇ ತಗೋ" ಎಂದು ಎಲ್ಲರೂ ಹೇಳುತ್ತಾರೆ. ಅಷ್ಟು ಸಾಕಾ?

ಸಾಲದು. ಈ ಸಲಹೆ ಕೇಳಿ ಕೇಳಿ ನನಗೆ ಸಿಟ್ಟು ಬಂದಿದೆ. ನಿಮ್ಮನ್ನು ಸೆಳೆದದ್ದು ಡಬ್ಬಿಯ ಮೇಲಿನ ಚಿತ್ರ ಮತ್ತು ಮಾರುವವರು ಆರಿಸಿ ತೋರಿಸಿದ ನಾಲ್ಕಾರು ಕಾರ್ಡು. ಅವು ಬಹುಮಟ್ಟಿಗೆ ಮೇಜರ್ ಕಾರ್ಡುಗಳೇ: ಮೂನ್, ಸ್ಟಾರ್, ಎಂಪ್ರೆಸ್. ರೀಡಿಂಗಿಗೆ, ಅಂದರೆ ಕಾರ್ಡು ತೆಗೆದು ಅರ್ಥ ಹೇಳಲು, ಕೂತಾಗ ಕೈಗೆ ಜಾಸ್ತಿ ಬರುವುದು ಮೈನರ್ ಕಾರ್ಡುಗಳು. ಡೆಕ್ಕಿನ ಹತ್ತಿರ ಹತ್ತಿರ ಮುಕ್ಕಾಲು ಭಾಗ ಅವೇ ಅಲ್ವಾ? ಅವನ್ನು ನೋಡದೆ ಡೆಕ್ ಕೊಳ್ಳಬೇಡಿ.

ನಮ್ಮಲ್ಲಿ ಹೆಚ್ಚಿನವರು ಮೈನರ್ ಕಾರ್ಡುಗಳನ್ನು ಓದುವ ರೀತಿ 1909ರ ರೈಡರ್-ವೇಟ್ ಡೆಕ್ಕಿನಿಂದ ಬಂದದ್ದು. ಯೋಜನೆ ಎ. ಇ. ವೇಟ್ ಅವರದು, ಚಿತ್ರಗಳು ಪಮೇಲಾ ಕೋಲ್ಮನ್ ಸ್ಮಿತ್ ಅವರದು. ಅದಕ್ಕೂ ಹಳೆಯ, ಫ್ರಾನ್ಸಿನ ಮಾರ್ಸೇ ಮಾದರಿಯ ಡೆಕ್ಕುಗಳಲ್ಲಿ ಫೈವ್ ಆಫ್ ಕಪ್ಸ್ ಎಂದರೆ ಐದು ಬಟ್ಟಲು, ಅಷ್ಟೇ. ಸ್ಮಿತ್ ಆ ಬಟ್ಟಲುಗಳ ನಡುವೆ ಮನುಷ್ಯರನ್ನು ತಂದು ನಿಲ್ಲಿಸಿದರು. ಅವರು ನಿಂತ ರೀತಿ, ಕೂತ ರೀತಿ, ಮುಖ ತಿರುಗಿಸಿದ ರೀತಿಯಲ್ಲೇ ಅರ್ಥ ಇಟ್ಟರು. ಪ್ರಾಣಿಗಳ ಡೆಕ್ಕಿನ ಕಷ್ಟವೂ ಇಲ್ಲೇ ಇದೆ. ಮನುಷ್ಯನನ್ನು ತೆಗೆದು ಪ್ರಾಣಿಯನ್ನು ಇಟ್ಟಾಗ ಆ ಮೈಮಾತು ಹೋಗುತ್ತದೆ. ಅದರ ಬದಲು ಏನು ಬಂತು ಎಂಬುದನ್ನು ನೀವು ಹುಡುಕಬೇಕು.

ಫೈವ್ ಆಫ್ ಕಪ್ಸ್ ಅನ್ನೇ ನೋಡಿ. ಕಪ್ಪು ನಿಲುವಂಗಿ ತೊಟ್ಟ ಒಬ್ಬರು ತಲೆ ತಗ್ಗಿಸಿ ನಿಂತಿದ್ದಾರೆ. ಎದುರಿಗೆ ಮೂರು ಬಟ್ಟಲು ಉರುಳಿವೆ. ಬೆನ್ನ ಹಿಂದೆ ಎರಡು ನೆಟ್ಟಗಿವೆ. ಆಚೆ ಹೊಳೆ, ಸೇತುವೆ, ಒಂದು ಮನೆ. ಕಳೆದುಕೊಂಡದ್ದನ್ನೇ ನೋಡುತ್ತಿರುವ ಆ ತಲೆ, ಉಳಿದದ್ದರ ಕಡೆ ತಿರುಗದ ಆ ಬೆನ್ನು, ಇವೆರಡೇ ಈ ಕಾರ್ಡು. ಈಗ ನೀವು ಮೆಚ್ಚಿದ ಡೆಕ್ಕಿನಲ್ಲಿ ಇದೇ ಕಾರ್ಡನ್ನು ಹುಡುಕಿ. ಮತ್ಸ್ಯಕನ್ಯೆ ಬಂಡೆಯ ಮೇಲೆ ಕೂತು ಕೂದಲು ಬಾಚುತ್ತಿದ್ದಾಳೆ, ಸುತ್ತ ಐದು ಬಟ್ಟಲು ಚೆಂದವಾಗಿ ಜೋಡಿಸಿದೆ ಎಂದಾದರೆ ಆ ಡೆಕ್ ಬೇಡ. ಚಿತ್ರ ಎಷ್ಟೇ ಸೊಗಸಾಗಿರಲಿ, ಅದು ಗೋಡೆಗೆ ತೂಗುಹಾಕುವ ಚಿತ್ರ. ರೀಡಿಂಗಿನಲ್ಲಿ ಅದು ಬಾಯಿ ಬಿಡುವುದಿಲ್ಲ. ಪುಸ್ತಕದಲ್ಲಿ ಓದಿದ ಅರ್ಥವನ್ನು ನೀವು ನೆನಪಿನಿಂದ ಎಳೆದು ತರಬೇಕು, ಚಿತ್ರ ಅದಕ್ಕೆ ಅಡ್ಡ ನಿಲ್ಲುತ್ತದೆ.

ಪ್ರಾಣಿಗಳೇ ಇರಬಾರದು ಎಂದು ನಾನು ಹೇಳುತ್ತಿಲ್ಲ. ವೇಟ್ ಡೆಕ್ಕಿನಲ್ಲೂ ಅವು ಇವೆ. ಸೆವೆನ್ ಆಫ್ ಕಪ್ಸ್‌ನಲ್ಲಿ ಒಂದು ಬಟ್ಟಲಿನಿಂದ ಪುಟ್ಟ ಡ್ರ್ಯಾಗನ್ ಇಣುಕುತ್ತದೆ. ವೀಲ್ ಆಫ್ ಫಾರ್ಚೂನ್ ಮೇಲೆ ಸ್ಫಿಂಕ್ಸ್ (ಮನುಷ್ಯನ ತಲೆ, ಸಿಂಹದ ಮೈ) ಕೂತಿದೆ. ಕಿಂಗ್ ಆಫ್ ವಾಂಡ್ಸ್‌ನ ಸಿಂಹಾಸನದ ತುಂಬ ಸಾಲಮ್ಯಾಂಡರ್‌ಗಳಿವೆ (ಬೆಂಕಿಯಲ್ಲಿ ಬದುಕುತ್ತದೆ ಎಂದು ಕತೆಗಳು ಹೇಳುವ ಹಲ್ಲಿಯಂಥ ಪ್ರಾಣಿ). ಒಂದೊಂದಕ್ಕೂ ಅಲ್ಲಿ ಕೆಲಸ ಇದೆ. ಚಾರಿಯಟ್ ಕಾರ್ಡಿನಲ್ಲಿ ಎರಡು ಸ್ಫಿಂಕ್ಸ್, ಒಂದು ಕಪ್ಪು, ಒಂದು ಬಿಳಿ. ಸಾರಥಿಯ ಕೈಯಲ್ಲಿ ಲಗಾಮಿಲ್ಲ. ಬೇರೆ ಬೇರೆ ಕಡೆ ಹೋಗಬಲ್ಲ ಎರಡನ್ನು ಮನಸ್ಸಿನ ಬಲದಿಂದಲೇ ಒಂದು ದಾರಿಗೆ ತರುವುದು ಇಲ್ಲಿನ ವಿಷಯ. ಈ ಜಾಗದಲ್ಲಿ ಒಂದೇ ಒಂದು ದೊಡ್ಡ ಡ್ರ್ಯಾಗನ್ ರಥ ಎಳೆದರೆ ವೇಗ ಕಾಣುತ್ತದೆ, ಎಳೆದಾಟ ಕಾಣುವುದಿಲ್ಲ.

ಸ್ಟ್ರೆಂತ್ ಕಾರ್ಡಿನಲ್ಲೂ ಇದೇ ಗೋಳು. ಮೂಲದಲ್ಲಿ ಹೆಂಗಸೊಬ್ಬಳು ಬರಿಗೈಯಲ್ಲಿ, ಮೆತ್ತಗೆ, ಸಿಂಹದ ಬಾಯಿ ಹಿಡಿದಿದ್ದಾಳೆ. ಸಿಂಹದ ಬದಲು ಡ್ರ್ಯಾಗನ್ ಬಂದರೆ ತೊಂದರೆ ಇಲ್ಲ, ಇನ್ನೂ ಚೆನ್ನಾಗಿಯೇ ಇರಬಹುದು. ಆದರೆ ಎಷ್ಟೋ ಡೆಕ್ಕುಗಳಲ್ಲಿ ಜೊತೆಗೆ ಕತ್ತಿಯೂ ಬಂದುಬಿಡುತ್ತದೆ. ವೀರ ಡ್ರ್ಯಾಗನ್ನಿನ ಎದೆಗೆ ಈಟಿ ಇಡುತ್ತಾನೆ. ಅದು ಗೆಲುವಿನ ಚಿತ್ರ, ಸ್ಟ್ರೆಂತ್ ಅಲ್ಲ. ಬೆದರಿದ ಪ್ರಾಣಿಯ ಮೂತಿಯ ಮೇಲೆ ಕೈ ಇಡುವ ತಾಳ್ಮೆ ಎಲ್ಲಿ ಹೋಯಿತು? ಹ್ಯಾಂಗ್ಡ್ ಮ್ಯಾನ್ (ತಲೆಕೆಳಗಾಗಿ ನೇತಾಡುವ ಮನುಷ್ಯ) ಕಾರ್ಡಿಗೆ ಬಾವಲಿ ರೆಕ್ಕೆಯ ಪ್ರಾಣಿಯನ್ನು ನೇತುಹಾಕುವವರಿದ್ದಾರೆ. ತಲೆಕೆಳಗಾಗಿ ನೇತಾಡುವುದು ಅದಕ್ಕೆ ದಿನದ ಅಭ್ಯಾಸ. ಲೋಕವನ್ನು ಬೇರೆ ರೀತಿ ನೋಡಲು ತಾನೇ ಒಪ್ಪಿಕೊಂಡು ಕಾಯುವುದು ಅಲ್ಲಿ ಹೇಗೆ ಕಾಣಬೇಕು?

ಯೋಚಿಸಿ ಬರೆದರೆ ಮಾತ್ರ ಪ್ರಾಣಿ ಮನುಷ್ಯನಿಗಿಂತ ಜಾಸ್ತಿ ಹೇಳಬಲ್ಲದು. ಏಟ್ ಆಫ್ ಸ್ವೋರ್ಡ್ಸ್‌ನಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿ, ಮೈಗೆ ಪಟ್ಟಿ ಸುತ್ತಿದ ಹೆಂಗಸು ಕತ್ತಿಗಳ ನಡುವೆ ನಿಂತಿದ್ದಾಳೆ. ಕಾಲಿಗೆ ಕಟ್ಟಿಲ್ಲ, ಮುಂದೆ ದಾರಿ ತೆರೆದೇ ಇದೆ. ಇಲ್ಲಿ ಗ್ರಿಫಿನ್ ಅನ್ನು ಇಟ್ಟು ನೋಡಿ: ಸಿಂಹದ ಮೈ, ಹದ್ದಿನ ತಲೆ. ಬೇಟೆಯ ಹಕ್ಕಿಗಳನ್ನು ಸುಮ್ಮನಿರಿಸಲು ತಲೆಗೆ ಚರ್ಮದ ಟೋಪಿ ಹಾಕುತ್ತಾರಲ್ಲ, ಅಂಥದ್ದೇ ಒಂದು ಟೋಪಿ. ರೆಕ್ಕೆಗೆ ಕಟ್ಟಿಲ್ಲ, ಮೇಲೆ ಆಕಾಶ ಖಾಲಿ. ಅಷ್ಟು ಬಲದ ಪ್ರಾಣಿ ಕಾಣದ್ದರಿಂದಲೇ ಹಾರದೆ ಕೂತಿದೆ. ನೋಡಿದವರಿಗೆ ಬೇರೆ ವಿವರಣೆ ಬೇಕಿಲ್ಲ. ಚಿತ್ರಕಾರರು ಈ ಮಟ್ಟಕ್ಕೆ ಯೋಚಿಸಿದ್ದಾರೋ ಇಲ್ಲವೋ ಎಂಬುದು ಮೈನರ್ ಕಾರ್ಡುಗಳಲ್ಲೇ ಗೊತ್ತಾಗುವುದು.

ಇನ್ನು ಸೂಟುಗಳು. ಸಾಮಾನ್ಯ ಕ್ರಮದಲ್ಲಿ ವಾಂಡ್ಸ್ ಬೆಂಕಿ, ಕಪ್ಸ್ ನೀರು, ಸ್ವೋರ್ಡ್ಸ್ ಗಾಳಿ, ಪೆಂಟಕಲ್ಸ್ ಮಣ್ಣು. 16ನೇ ಶತಮಾನದ ವೈದ್ಯ ಪ್ಯಾರಸೆಲ್ಸಸ್ ಬೆಂಕಿಗೆ ಸಾಲಮ್ಯಾಂಡರ್, ನೀರಿಗೆ ಅಂಡೈನ್, ಗಾಳಿಗೆ ಸಿಲ್ಫ್, ಮಣ್ಣಿಗೆ ನೋಮ್ ಎಂಬ ಕಾಲ್ಪನಿಕ ಜೀವಿಗಳನ್ನು ಜೋಡಿಸಿದ್ದ. ಈ ಥರದ ಡೆಕ್ ಮಾಡುವವರು ಅದನ್ನೇ ಹಿಡಿದುಕೊಂಡರೆ ಓದುವವರಿಗೆ ಸಲೀಸು. ಕೆಲವು ಡೆಕ್ಕುಗಳು ವಾಂಡ್ಸ್‌ಗೆ ಗಾಳಿ, ಸ್ವೋರ್ಡ್ಸ್‌ಗೆ ಬೆಂಕಿ ಕೊಡುತ್ತವೆ. ತಪ್ಪಲ್ಲ, ಆದರೆ ಕೊಳ್ಳುವ ಮೊದಲು ನಿಮಗೆ ಗೊತ್ತಿರಬೇಕು. ನಾನು ಒಪ್ಪದ್ದು ಕಲಸುಮೇಲೋಗರವನ್ನು. ಬೇರೆ ಬೇರೆ ನಾಡಿನ ಪ್ರಾಣಿಗಳನ್ನು ನೋಡಲು ಚೆನ್ನಾಗಿವೆ ಎಂದು ಒಂದೇ ಡೆಕ್ಕಿಗೆ ತುಂಬುತ್ತಾರೆ. ಚೀನಾದ ಡ್ರ್ಯಾಗನ್ ಮಳೆ ಮತ್ತು ನದಿಗೆ ಸೇರಿದ್ದು. ಯುರೋಪಿನ ಕತೆಗಳಲ್ಲಿ ಡ್ರ್ಯಾಗನ್ ಬೆಂಕಿ ಉಗುಳುತ್ತದೆ. ಮೊದಲನೆಯದನ್ನು ತಂದು ಬೆಂಕಿಯ ಸೂಟಿನಲ್ಲಿ ಕೂರಿಸಿದವರು ಆ ಪ್ರಾಣಿಯ ಒಂದು ಕತೆಯನ್ನೂ ಓದಿಲ್ಲ. ಅಂಥವರ ಕೈಯಲ್ಲಿ ಉಳಿದ 77 ಕಾರ್ಡುಗಳ ಗತಿಯೂ ಅಷ್ಟೇ.

ಕೋರ್ಟ್ ಕಾರ್ಡುಗಳು ಕೊನೆಯ ಪರೀಕ್ಷೆ. ಪೇಜ್, ನೈಟ್, ಕ್ವೀನ್, ಕಿಂಗ್, ನಾಲ್ಕು ಸೂಟಿಗೆ ಹದಿನಾರು. ಹೆಸರು ಮುಚ್ಚಿ ನೋಡಿ. ನಾಲ್ಕು ಡ್ರ್ಯಾಗನ್‌ಗಳಲ್ಲಿ ಮರಿ ಯಾವುದು, ಹೊರಟು ನಿಂತದ್ದು ಯಾವುದು, ಕಾಯುವುದು ಯಾವುದು, ಆಳುವುದು ಯಾವುದು ಎಂದು ಹೇಳಲು ಆಗಬೇಕು. ಕಿರೀಟವೊಂದನ್ನೇ ಬದಲಿಸಿ ಬಿಟ್ಟಿದ್ದರೆ ಆ ಡೆಕ್ಕನ್ನು ಅಲ್ಲೇ ಬಿಡಿ.

ಹಾಗಾದರೆ ಕೊಳ್ಳುವ ಮೊದಲು ಮಾಡಬೇಕಾದ್ದು ಇಷ್ಟು. 78 ಕಾರ್ಡನ್ನೂ ಒಂದೊಂದಾಗಿ ತೋರಿಸುವ ವಿಡಿಯೋ ಹುಡುಕಿ. ಫೈವ್ ಆಫ್ ಕಪ್ಸ್, ಏಟ್ ಆಫ್ ಸ್ವೋರ್ಡ್ಸ್, ಚಾರಿಯಟ್, ಸ್ಟ್ರೆಂತ್, ನಾಲ್ಕು ನೈಟ್‌ಗಳು ಬಂದಾಗ ನಿಲ್ಲಿಸಿ, ಅಲ್ಲಿ ಏನು ನಡೆಯುತ್ತಿದೆ ಎಂದು ಒಂದೊಂದು ವಾಕ್ಯ ಬರೆಯಿರಿ. "ಏನೂ ನಡೆಯುತ್ತಿಲ್ಲ, ಪ್ರಾಣಿ ನಿಂತಿದೆ" ಎಂಬ ಉತ್ತರ ಎರಡು ಸಲ ಬಂದರೆ ಮುಂದಿನ ಡೆಕ್ ನೋಡಿ. ಈ ಪರೀಕ್ಷೆ ದಾಟಿದವುಗಳಲ್ಲಿ ಯಾವುದು ನಿಮ್ಮನ್ನು ಸೆಳೆಯುತ್ತದೋ ಅದು ನಿಮ್ಮದು.

ಡೆತ್ ಕಾರ್ಡಿನಲ್ಲಿ ಫೀನಿಕ್ಸ್ ಇರುವ ಡೆಕ್ ಒಳ್ಳೆಯದಾ? ಭಯ ಆಗುವುದಿಲ್ಲ ಅಂತಾರೆ.

ಭಯ ಆಗದಿರಲಿ ಎಂದೇ ಹಾಕುತ್ತಾರೆ, ಅದೇ ನನ್ನ ತಕರಾರು. ಫೀನಿಕ್ಸ್ ಬೂದಿಯಿಂದ ಅದೇ ಫೀನಿಕ್ಸ್ ಆಗಿ ಎದ್ದು ಬರುತ್ತದೆ. ಡೆತ್ ಕಾರ್ಡು ಹೇಳುವುದು ಒಂದು ಕಾಲ ಮುಗಿಯಿತು, ಅದು ವಾಪಸು ಬರುವುದಿಲ್ಲ ಎಂದು. ಕೆಲಸ ಹೋದವರಿಗೆ, ಸಂಬಂಧ ಮುರಿದವರಿಗೆ "ಎಲ್ಲ ಮೊದಲಿನಂತೆ ಆಗುತ್ತೆ" ಎಂಬ ಸುಳ್ಳು ಆಸೆ ಕೊಡಬೇಡಿ. ಫೀನಿಕ್ಸ್‌ಗೆ ಸತ್ತವರು ಎದ್ದು ಬರುವ ಚಿತ್ರವಿರುವ ಜಡ್ಜ್‌ಮೆಂಟ್ ಕಾರ್ಡು ಸರಿಯಾದ ಜಾಗ.

44 ಕಾರ್ಡಿನ ಯೂನಿಕಾರ್ನ್ ಟ್ಯಾರೋ ಸಿಕ್ಕಿತು. ತಗೊಳ್ಳಲಾ?

ಅದು ಟ್ಯಾರೋ ಅಲ್ಲ, ಒರಾಕಲ್ ಡೆಕ್: ಎಷ್ಟು ಕಾರ್ಡು, ಏನು ಅರ್ಥ ಎಂಬುದೆಲ್ಲ ಮಾಡಿದವರ ಇಷ್ಟ. ಇಷ್ಟವಾದರೆ ತಗೊಳ್ಳಿ, ಟ್ಯಾರೋ ಕಲಿಯಲು ಬೇಡ.

"ಈಜಿಪ್ಟಿನ ಅರ್ಚಕರು ಬರೆದ ಮೂಲ ಪ್ರಾಣಿಗಳು" ಎಂದು ಒಂದು ಡೆಕ್ಕಿನ ಮೇಲೆ ಬರೆದಿದೆ.

ಟ್ಯಾರೋ ಈಜಿಪ್ಟಿನಿಂದ ಬಂತು ಎಂಬ ಕತೆಯನ್ನು ಹಬ್ಬಿಸಿದ್ದು ಕೂರ್ ದ ಜೆಬೆಲಾಂ ಎಂಬ ಫ್ರೆಂಚ್ ಲೇಖಕ, 1781ರಲ್ಲಿ. ಫ್ರೆಂಚ್ ವಿದ್ವಾಂಸ ಶಾಂಪೋಲಿಯೋ ಈಜಿಪ್ಟಿನ ಚಿತ್ರಲಿಪಿಯನ್ನು ಬಿಡಿಸಿದ್ದು 1822ರಲ್ಲಿ. ಅಲ್ಲಿಯವರೆಗೆ ಆ ಲಿಪಿಯನ್ನು ಓದಲು ಯಾರಿಗೂ ಬರುತ್ತಿರಲಿಲ್ಲ. ಟ್ಯಾರೋ ಹುಟ್ಟಿದ್ದು 15ನೇ ಶತಮಾನದಲ್ಲಿ ಉತ್ತರ ಇಟಲಿಯಲ್ಲಿ, ಇಸ್ಪೀಟಿನಂಥ ಆಟಕ್ಕಾಗಿ. ಡಬ್ಬಿಯ ಮೇಲೆಯೇ ಸುಳ್ಳು ಬರೆದವರ ಒಳಗಿನ ಪುಸ್ತಕವನ್ನು ನಾನು ನಂಬುವುದಿಲ್ಲ.

ಅರ್ಧ ಬೆಲೆಗೆ ಅದೇ ಡೆಕ್ ಆನ್‌ಲೈನ್‌ನಲ್ಲಿ ಸಿಗುತ್ತಿದೆ, ಅರ್ಥದ ಪುಸ್ತಕದ ಬದಲು ಕ್ಯೂಆರ್ ಕೋಡ್ ಇದೆಯಂತೆ.

ಬಹುತೇಕ ನಕಲಿ. ಚಿತ್ರಕಾರರಿಗೆ ಕಾಸೂ ಹೋಗುವುದಿಲ್ಲ, ನಿಮಗೂ ಮಸುಕು ಚಿತ್ರ ಸಿಗುತ್ತದೆ. ಪ್ರಾಣಿಗಳ ಡೆಕ್ಕಿನಲ್ಲಿ ಗರಿ, ಹುರುಪೆ, ಕಣ್ಣು ಇವೇ ಮುಖ್ಯ. ನಕಲಿಯಲ್ಲಿ ಮೊದಲು ಹಾಳಾಗುವುದೂ ಅವೇ.

ಒಬ್ಬ ಟ್ಯಾರೋ ರೀಡರ್ ನನ್ನ ಡ್ರ್ಯಾಗನ್ ಡೆಕ್ ನೋಡಿ, ಇದರಲ್ಲಿ ಕೆಟ್ಟ ಶಕ್ತಿ ಇದೆ, ಶುದ್ಧ ಮಾಡಿಸದಿದ್ದರೆ ಮನೆಗೆ ತೊಂದರೆ ಎಂದರು. ದೊಡ್ಡ ಮೊತ್ತ ಕೇಳುತ್ತಿದ್ದಾರೆ.

ಒಂದು ಕಾಸೂ ಕೊಡಬೇಡಿ. ಅದು ಅಚ್ಚು ಹಾಕಿದ ಕಾಗದ. ಹೆದರಿಸಿ ಹಣ ಕೇಳುವವರು ರೀಡರ್ ಅಲ್ಲ, ಮೋಸಗಾರರು. ಮೊದಲು ಸಣ್ಣ ಮೊತ್ತ ಕೇಳುತ್ತಾರೆ, ಕೊಟ್ಟ ಮೇಲೆ "ದೋಷ ಇನ್ನೂ ದೊಡ್ಡದಿದೆ" ಅಂತಾರೆ. ಫೋನ್ ನಂಬರ್ ಬ್ಲಾಕ್ ಮಾಡಿ, ಮನೆಯವರಿಗೆ ವಿಷಯ ತಿಳಿಸಿ. ಈಗಾಗಲೇ ಹಣ ಕೊಟ್ಟಿದ್ದರೆ ಮೆಸೇಜುಗಳನ್ನು ಅಳಿಸದೆ ಪೊಲೀಸರಿಗೆ ದೂರು ಕೊಡಿ.

ಜೊತೆಗೆ ನನ್ನದೊಂದು ಎಚ್ಚರಿಕೆ. ಆಗಷ್ಟೇ ಯಾರನ್ನೋ ಕಳೆದುಕೊಂಡು ಬಂದವರ ಮುಂದೆ, ಕಾಯಿಲೆಯ ಭಯದಲ್ಲಿ ಇರುವವರ ಮುಂದೆ ನಾನು ಇಂಥ ಡೆಕ್ ಬಿಚ್ಚುವುದಿಲ್ಲ. ಕೋರೆಹಲ್ಲಿನ ಪ್ರಾಣಿಯೊಂದು ಮೇಲೆದ್ದು ನಿಂತ ಚಿತ್ರ ಅವರ ಕಣ್ಣಿಗೆ ಬೇರೆಯೇ ಆಗಿ ಕಾಣುತ್ತದೆ, ನಾವು ಏನು ವಿವರಿಸಿದರೂ ಕಿವಿಗೆ ಬೀಳುವುದಿಲ್ಲ. ಕಾಯಿಲೆಯ ಪ್ರಶ್ನೆಗೆ ಯಾವ ಡೆಕ್ಕನ್ನೂ ತೆಗೆಯಬೇಡಿ, ಡಾಕ್ಟರ ಹತ್ತಿರ ಕಳಿಸಿ.