ಪಾಲನಾ ತಜ್ಞರು ಶಿಶು ಆಹಾರ ಕಂಪನಿಯ ಪ್ರಾಯೋಜಕತ್ವ ಪಡೆಯಬಹುದೇ?

ರಾಯಚೂರಿನಲ್ಲಿ ತಾಯಂದಿರಿಗಾಗಿ ನಡೆಸುವ ಶಿಬಿರದ ಖರ್ಚನ್ನು ಹಾಲಿನ ಪುಡಿ ತಯಾರಿಸುವ ಕಂಪನಿಯೊಂದು ಭರಿಸಲು ಮುಂದೆ ಬಂದರೆ ಒಪ್ಪಿಕೊಳ್ಳಬಹುದೇ ಎಂದು ಕೇಳಿದ್ದೀರಿ. ಒಪ್ಪಿಕೊಳ್ಳಬಾರದು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಶಿಶು ಹಾಲಿನ ಬದಲಿ ಪದಾರ್ಥಗಳ (ಎದೆಹಾಲಿನ ಬದಲಿಗೆ ಕೊಡುವ ಪುಡಿಯಂಥವುಗಳ) ಕುರಿತ 1992ರ ಕೇಂದ್ರ ಕಾಯ್ದೆಯು, 2003ರ ತಿದ್ದುಪಡಿಯ ನಂತರ, ಎರಡು ವರ್ಷದೊಳಗಿನ ಮಕ್ಕಳ ಇಂಥ ಆಹಾರದ ಜಾಹೀರಾತನ್ನು ನಿಷೇಧಿಸುವುದಲ್ಲದೆ, ತಯಾರಕರು ಆರೋಗ್ಯ ಕಾರ್ಯಕರ್ತರಿಗೆ ಅಥವಾ ಅವರ ಸಂಘಗಳಿಗೆ ವಿಚಾರ ಸಂಕಿರಣ, ಸಮ್ಮೇಳನ, ಸಂಶೋಧನೆಯ ಹೆಸರಿನಲ್ಲಿ ಹಣ ಕೊಡುವುದನ್ನೂ ತಡೆಯುತ್ತದೆ. ವೈದ್ಯರಲ್ಲದ ಸಲಹೆಗಾರರು ತಮಗಿದು ಅನ್ವಯಿಸದು ಎಂದು ವಾದಿಸಬಹುದು. ನೈತಿಕ ಪ್ರಶ್ನೆ ಅಲ್ಲಿಗೆ ಮುಗಿಯುವುದಿಲ್ಲ.

ಸಿಂಧನೂರಿನ ಕಡೆ ಭತ್ತದ ನಾಟಿಗೆ ಕೂಲಿ ಹೋಗುವ ಎಳೆಗೂಸಿನ ತಾಯಿಯೊಬ್ಬಳನ್ನು ನೆನೆಯಿರಿ. ವೇದಿಕೆಯ ಬ್ಯಾನರಿನಲ್ಲಿ ಕಂಡ ಹೆಸರನ್ನು ನಂಬಿ ಡಬ್ಬಿ ಕೊಂಡವಳು, ಅದು ತಿಂಗಳಿಡೀ ಬರಲೆಂದು ಒಂದು ಚಮಚದ ಜಾಗದಲ್ಲಿ ಅರ್ಧ ಚಮಚ ಪುಡಿ ಹಾಕಿ, ಕುದಿಸದ ನೀರಿನಲ್ಲಿ ಕಲಸುತ್ತಾಳೆ; ಎದೆಹಾಲು ಕುಡಿಸುವುದು ಕಡಿಮೆಯಾದಂತೆ ಹಾಲೂ ಬತ್ತುತ್ತದೆ. 1977ರಲ್ಲಿ ಅಮೆರಿಕದಲ್ಲಿ ಶಿಶು ಆಹಾರ ಮಾರುವ ನೆಸ್ಲೆ ಕಂಪನಿಯ ವಿರುದ್ಧ ಬಹಿಷ್ಕಾರ ಆರಂಭವಾದದ್ದರ ಹಿಂದೆಯೂ, 1981ರಲ್ಲಿ ವಿಶ್ವ ಆರೋಗ್ಯ ಸಭೆ ಎದೆಹಾಲಿನ ಬದಲಿ ಪದಾರ್ಥಗಳ ಮಾರಾಟ ಸಂಹಿತೆಯನ್ನು ಅಂಗೀಕರಿಸಿದ್ದರ ಹಿಂದೆಯೂ ಬಡ ದೇಶಗಳ ಇಂಥ ಅನುಭವಗಳೇ ಇದ್ದವು.

ಪ್ರಾಯೋಜಕರ ಹೆಸರನ್ನು ಬಹಿರಂಗಪಡಿಸಿದರೆ ಸಾಕು ಎನ್ನುವವರಿದ್ದಾರೆ. ಹಣದ ಮೂಲ ತಿಳಿದ ಮಾತ್ರಕ್ಕೆ ಸಲಹೆಯನ್ನು ಒರೆಗೆ ಹಚ್ಚಿ ನೋಡುವುದು ತಾಯಿಗೆ ಸಾಧ್ಯವಾಗುವುದಿಲ್ಲ. ತಜ್ಞರು ಯಾವ ಮಾತನ್ನು ಹೇಳದೆ ಬಿಟ್ಟರು ಎಂಬುದಂತೂ ಆಕೆಗೆ ಗೊತ್ತೇ ಆಗುವುದಿಲ್ಲ. (ವೈದ್ಯರೇ ಪುಡಿ ಬರೆದುಕೊಟ್ಟ ತಾಯಂದಿರಿಗೂ ಪಕ್ಷಪಾತವಿಲ್ಲದ ಸಲಹೆಯೇ ಬೇಕು.) ಇಂಥ ಶಿಬಿರಕ್ಕೆ ಅಂಗನವಾಡಿಯ ಕೋಣೆ ಮತ್ತು ಆಶಾ ಕಾರ್ಯಕರ್ತೆಯ ನೆರವು ಸಾಕು, ಚಹಾದ ಖರ್ಚಿಗೆ ಊರಿನ ಸ್ತ್ರೀಶಕ್ತಿ ಸಂಘವನ್ನು ಕೇಳಿನೋಡಿ.