ಹಳೇ ಡೆಸ್ಕ್‌ಟಾಪಿಗೆ ಬೋರ್ಡು, ಪ್ರೊಸೆಸರ್ ಮಾತ್ರ ಹೊಸದು ಹಾಕಿದರೆ ಸಾಕಾ?

ಮಲ್ಪೆಯ ಮನೆಯಲ್ಲಿ ಮೂರನೇ ಜನರೇಷನ್ ಐ3 ಪ್ರೊಸೆಸರ್, ಎಚ್61 ಮದರ್‌ಬೋರ್ಡು, 4 ಜಿಬಿ ರ್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. ಬೋರ್ಡು, ಪ್ರೊಸೆಸರ್ ಎರಡೇ ಬದಲಿಸಿ ವಿಂಡೋಸ್ 11 ಹಾಕಬೇಕು, "ಎಸ್‌ಎಂಪಿಎಸ್ 450 ವಾಟಿನದು ಉಂಟು, ಸಾಕಲ್ವಾ?" ಅಂತ ಕೇಳಿದ್ದೀರಿ. (ಎಸ್‌ಎಂಪಿಎಸ್ ಅಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಹಾಗೆ ಮಾಡಿ ಕೊಡುವ ಪೆಟ್ಟಿಗೆ.) ಆ "ಸಾಕಲ್ವಾ" ಓದಿ ನನ್ನ ಹೊಟ್ಟೆ ಚುರುಕ್ ಅಂತು. 2014ರಲ್ಲಿ ಇದೇ ಪ್ರಶ್ನೆ ನಾನೂ ಕೇಳಿದ್ದೆ. ಬೇರೆಯವರನ್ನು ಕೇಳಿದ್ದರೆ ಒಳ್ಳೆಯದಿತ್ತು, ನನ್ನನ್ನೇ ಕೇಳಿಕೊಂಡೆ.

ಕಟಪಾಡಿಯಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಮದುವೆ ಕಾಗದ, ನೇಮದ ಆಮಂತ್ರಣ, ರಶೀದಿ ಪುಸ್ತಕ, ಇಂಥದ್ದೇ ಕೆಲಸ. 2008ರಲ್ಲಿ ತೆಗೆದುಕೊಂಡ ಪೆಂಟಿಯಂ ಡ್ಯುಯಲ್ ಕೋರ್ ಮೆಷಿನ್ ಆರು ವರ್ಷ ಎತ್ತಿನ ಹಾಗೆ ದುಡಿಯಿತು. ಕೊನೆಕೊನೆಗೆ ಪೇಜ್‌ಮೇಕರ್ ಫೈಲಿನ ಮೇಲೆ ಕ್ಲಿಕ್ ಮಾಡಿ, ಹೊರಗೆ ಹೋಗಿ ಚಾ ಕುಡಿದು ಬಂದರೂ ತೆರೆದಿರುತ್ತಿರಲಿಲ್ಲ. 2014ರ ಏಪ್ರಿಲಿನಲ್ಲಿ ಮೈಕ್ರೋಸಾಫ್ಟ್‌ನವರು ವಿಂಡೋಸ್ ಎಕ್ಸ್‌ಪಿಯನ್ನೂ ಕೈಬಿಟ್ಟರು, ಅಪ್‌ಡೇಟ್ ನಿಲ್ಲಿಸಿದರು. ಈಗ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10 ಹೋಯಿತಲ್ಲ, ಹಾಗೆಯೇ. ಜನ ಹೆದರಿ ಹೊಸ ಮೆಷಿನ್ ತೆಗೆದುಕೊಂಡರು. ನಾನೂ ಹೆದರಿದೆ, ಆದರೆ ಅರ್ಧ ಮಾತ್ರ ತೆಗೆದುಕೊಂಡೆ.

ಎಚ್81 ಬೋರ್ಡು, ನಾಲ್ಕನೇ ಜನರೇಷನ್ ಐ3-4130, 4 ಜಿಬಿ ಡಿಡಿಆರ್3. ಒಟ್ಟು ಹದಿನಾಲ್ಕು ಸಾವಿರದ ಹತ್ತಿರ ಆಯಿತು. ಕ್ಯಾಬಿನೆಟ್, ಡಿಸ್ಕ್, ಎಸ್‌ಎಂಪಿಎಸ್ ಹಳೆಯದೇ. ಜೋಡಿಸಲು ಬಂದ ಹುಡುಗ ಎಸ್‌ಎಂಪಿಎಸ್ ತೋರಿಸಿ "ಅಣ್ಣಾ, ಇದನ್ನೂ ಒಂದು ಬದಲಿಸುವನಾ? ಸಾವಿರದೆಂಟುನೂರಕ್ಕೆ ಒಳ್ಳೆಯದು ಬರ್ತದೆ" ಅಂದ. ನನಗೆ ಎಂಥ ಬುದ್ಧಿ ನೋಡಿ. ಹಳೇ ಪ್ರೊಸೆಸರ್ 65 ವಾಟಿನದು, ಹೊಸದು 54. ಉಣ್ಣುವವರು ಕಡಿಮೆ ಆದ ಮೇಲೆ ಹೊಸ ಪಾತ್ರೆ ಯಾಕೆ? ಬೇಡ ಅಂದೆ.

ಮೂರು ವಾರ ಚೆನ್ನಾಗಿತ್ತು. ಆಮೇಲೆ ತನ್ನಷ್ಟಕ್ಕೇ ಆಫ್ ಆಗಲು ಶುರುವಾಯಿತು. ವಿಚಿತ್ರ ಏನೆಂದರೆ ಕೆಲಸ ಮಾಡುವಾಗ ಆಗುತ್ತಿರಲಿಲ್ಲ, ನಾನು ಎದ್ದು ಗಿರಾಕಿಯ ಹತ್ತಿರ ಮಾತಾಡುವಾಗ ಆಗುತ್ತಿತ್ತು. ರ್ಯಾಮ್ ತೆಗೆದು ರಬ್ಬರಿನಲ್ಲಿ ಉಜ್ಜಿದೆ. ಕಡಲಿನ ಉಪ್ಪುಗಾಳಿಗೆ ಮಳೆಗಾಲದಲ್ಲಿ ನಾವೆಲ್ಲ ಮಾಡುವ ಮೊದಲ ಚಿಕಿತ್ಸೆ ಅದೇ ಅಲ್ವಾ? ಯುಪಿಎಸ್ ಬ್ಯಾಟರಿ ಬದಲಿಸಿದೆ. ಎಸ್‌ಎಂಪಿಎಸ್ ಮೇಲೆ ಮಾತ್ರ ಸಂಶಯ ಬರಲಿಲ್ಲ. ಲೆಕ್ಕ ಸರಿ ಇತ್ತಲ್ಲ!

ಚೌತಿಗೆ ಒಂದು ವಾರ ಇತ್ತು. ಗಣೇಶೋತ್ಸವದ ಆಮಂತ್ರಣ, ರಶೀದಿ ಪುಸ್ತಕದ ಆರ್ಡರು ಕೈತುಂಬ. ರಾತ್ರಿ ಏಳು ಗಂಟೆ, ಜೋರು ಮಳೆ, ಕರೆಂಟ್ ಹೋಗಿ ಬಂತು. ಫಟ್! ಸುಟ್ಟ ವಾಸನೆ ಪಕ್ಕದ ಬೇಕರಿಗೂ ಹೋಗಿತ್ತು. ಬೋರ್ಡು ಸತ್ತಿತು. ಡಿಸ್ಕ್ ತಿರುಗಲಿಲ್ಲ. ನುಡಿ ತಂತ್ರಾಂಶದಲ್ಲಿ ಕನ್ನಡ ಟೈಪ್ ಮಾಡಿದ ಆರು ವರ್ಷದ ಫೈಲುಗಳೆಲ್ಲ ಅದರಲ್ಲೇ. ಬ್ಯಾಕಪ್ ಎಂತದ್ದೂ ಇಲ್ಲ, ಎರಡು ವರ್ಷದ ಹಿಂದಿನ ಒಂದು ಪೆನ್‌ಡ್ರೈವ್ ಬಿಟ್ಟರೆ. ಬೋರ್ಡಿನ ವಾರಂಟಿ ಕೇಳಲು ಹೋದರೆ, "ಸುಟ್ಟ ಗುರುತು ಉಂಟು, ಆಗುವುದಿಲ್ಲ" ಅಂತ ವಾಪಸ್ ಕೊಟ್ಟರು. ಸಮಿತಿಯ ಹಿರಿಯರೊಬ್ಬರು ದಿನಕ್ಕೆ ನಾಲ್ಕು ಸಲ ಫೋನ್: "ಎಂತ ಮಾರಾಯಾ, ನಮ್ಮ ಕಾಗದ ಎಲ್ಲಿಗೆ ಮುಟ್ಟಿತು?"

ಮೆಷಿನ್ ಜೋಡಿಸಿದ್ದ ಆ ಹುಡುಗ ಎಸ್‌ಎಂಪಿಎಸ್ ಬಿಚ್ಚಿ ತೋರಿಸಿದ. (ನೀವು ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ದೊಡ್ಡ ಕೆಪಾಸಿಟರಿನಲ್ಲಿ ಕರೆಂಟ್ ಉಳಿದಿರುತ್ತದೆ.) ಕೆಪಾಸಿಟರುಗಳ ತಲೆ ಬನ್ಸ್ ಉಬ್ಬಿದ ಹಾಗೆ ಉಬ್ಬಿತ್ತು. ಕರೆಂಟಿನ ಗಲಾಟೆ ತಡೆಯುವ ಫಿಲ್ಟರ್ ಕೂರಬೇಕಾದ ಜಾಗದಲ್ಲಿ ಬರೀ ತಂತಿ ತುಂಡು ಬೆಸುಗೆ ಹಾಕಿದ್ದರು. ಮೂಲೆಯಲ್ಲಿ ಒಣಗಿದ ಹಲ್ಲಿ ಒಂದು. ಅದರದ್ದು ತಪ್ಪಿಲ್ಲ, ಪಾಪ.

ಈಗ ನನ್ನ ತಪ್ಪು ಯಾವುದು ಅಂತ ಸ್ವಲ್ಪ ಉದ್ದ ಹೇಳುತ್ತೇನೆ, ಯಾಕೆಂದರೆ ನೀವು ಅದರ ಬಾಗಿಲಲ್ಲೇ ನಿಂತಿದ್ದೀರಿ. ಸ್ಟಿಕ್ಕರಿನಲ್ಲಿ ದೊಡ್ಡದಾಗಿ 450 ಅಂತ ಇತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ 12 ವೋಲ್ಟಿಗೆ 14 ಆಂಪ್. ಗುಣಿಸಿದರೆ 168 ವಾಟ್. ಪ್ರೊಸೆಸರ್ ಉಣ್ಣುವುದು ಈ 12 ವೋಲ್ಟಿನ ಲೈನಿನಿಂದಲೇ, ಉಳಿದ ಲೈನಿನಲ್ಲಿ ಎಷ್ಟಿದ್ದರೂ ಅದಕ್ಕೆ ಸಿಗುವುದಿಲ್ಲ. ಹಾಗಂತ 54 ವಾಟಿಗೆ 168 ಸಾಲದೇ? ಸಾಕಿತ್ತು, ಎಸ್‌ಎಂಪಿಎಸ್ ಹೊಸತಿದ್ದಾಗ. ಆರು ವರ್ಷದ ಬಿಸಿಗೆ ಕೆಪಾಸಿಟರ್ ಒಳಗೆ ಒಣಗುತ್ತಾ ಹೋಗುತ್ತದೆ, ಸ್ಟಿಕ್ಕರ್ ಮಾತ್ರ ಹಾಗೇ ಇರುತ್ತದೆ. ನಾನು ವಾಟ್ ಲೆಕ್ಕ ಹಾಕಿದೆ, ವಯಸ್ಸು ಲೆಕ್ಕ ಹಾಕಲಿಲ್ಲ.

ಸುಮ್ಮನಿದ್ದಾಗಲೇ ಆಫ್ ಆಗುತ್ತಿದ್ದದ್ದು ಯಾಕೆ ಅಂತ ಆಮೇಲೆ ಗೊತ್ತಾಯಿತು. ನಾಲ್ಕನೇ ಜನರೇಷನ್ ಪ್ರೊಸೆಸರ್ ಕೆಲಸ ಇಲ್ಲದಾಗ ಗಾಢ ನಿದ್ದೆಗೆ ಹೋಗುತ್ತದೆ, ಆಗ ಅದು ಎಳೆಯುವುದು 0.05 ಆಂಪ್‌ವರೆಗೆ ಇಳಿಯಬಹುದು. ಹಳೇ ಕಾಲದ ಎಸ್‌ಎಂಪಿಎಸ್‌ಗಳು ಕನಿಷ್ಠ 0.5 ಆಂಪ್ ಅಂತ ಎಣಿಸಿ ಮಾಡಿದವು. ಅಗ್ಗದವುಗಳಲ್ಲಿ 5 ಮತ್ತು 12 ವೋಲ್ಟನ್ನು ಒಟ್ಟಿಗೇ ಹತೋಟಿ ಮಾಡುತ್ತಾರೆ. ಒಂದರ ಮೇಲೆ ಭಾರ ಇದ್ದು ಇನ್ನೊಂದು ಹಗುರಾದರೆ, ಹಗುರಾದದ್ದರ ವೋಲ್ಟೇಜ್ ಮೇಲೆ ಹೋಗುತ್ತದೆ, ಆಗ ಮೆಷಿನ್ ಆಫ್ ಆಗಬಹುದು. ಹಾಗಾಗಿ "ಹೊಸದು ಕಡಿಮೆ ತಿನ್ನುತ್ತದೆ" ಅಂತ ನಾನು ಹಿಗ್ಗಿದ್ದೆನಲ್ಲ, ಕಡಿಮೆ ತಿಂದದ್ದೇ ಹಳೇ ಎಸ್‌ಎಂಪಿಎಸ್‌ಗೆ ತಡೆಯಲಿಲ್ಲ! ಬೋರ್ಡಿನ ಸೆಟ್ಟಿಂಗ್ ಇರುವ ಬಯೋಸಿನಲ್ಲಿ ಸಿ6, ಸಿ7 ಅನ್ನುವ ಆ ಗಾಢ ನಿದ್ದೆಗಳನ್ನು ಬಂದ್ ಮಾಡಿದ್ದರೆ ಆಫ್ ಆಗುವುದು ನಿಲ್ಲುತ್ತಿತ್ತೇನೋ. ಒಣಗಿದ ಕೆಪಾಸಿಟರ್ ಒಣಗಿದ್ದೇ.

ಡಿಸ್ಕ್ ಮಾತ್ರ ಬದುಕಿತು. ಉಡುಪಿಯಲ್ಲಿ ಮೊಬೈಲ್ ರಿಪೇರಿ ಮಾಡುವ ಹುಡುಗನೊಬ್ಬ ಅದರ ಹಸಿರು ಬೋರ್ಡಿನಲ್ಲಿ ಶಾರ್ಟ್ ಆಗಿದ್ದ ಒಂದು ಸಣ್ಣ ಡಯೋಡ್ ಕಿತ್ತ. ವೋಲ್ಟೇಜ್ ಏರಿದಾಗ ತಾನು ಸತ್ತು ಡಿಸ್ಕನ್ನು ಉಳಿಸಲಿಕ್ಕೇ ಅದನ್ನು ಇಟ್ಟಿರುತ್ತಾರಂತೆ. ತಿರುಗಿತು. ಇನ್ನೂರು ರೂಪಾಯಿ ತೆಗೆದುಕೊಂಡ. ನಾನು ಐನೂರು ಕೊಟ್ಟೆ. ಫೈಲುಗಳನ್ನು ಆ ರಾತ್ರಿಯೇ ಬೇರೆ ಡಿಸ್ಕಿಗೆ ಹಾಕಿದೆ.

ಈಗ ನಿಮ್ಮ ವಿಷಯ. ನಿಮ್ಮ ಪ್ರಶ್ನೆಯೇ ತಿರುಗುಮುರುಗಾಗಿದೆ. ನೀವು ಬದಲಿಸಬೇಕು ಅಂತಿರುವ ಬೋರ್ಡು, ಪ್ರೊಸೆಸರ್ ಹಾಗೇ ಇರಲಿ. ಇಟ್ಟುಕೊಳ್ಳಬೇಕು ಅಂತಿರುವ ಎಸ್‌ಎಂಪಿಎಸ್ ಮೊದಲು ಹೊರಗೆ ಹೋಗಲಿ.

ವಿಂಡೋಸ್ 11ಕ್ಕೆ ಇಂಟೆಲ್ ಆದರೆ ಎಂಟನೇ ಜನರೇಷನ್ ಮೇಲೆ ಬೇಕು, ಟಿಪಿಎಂ 2.0 ಅನ್ನುವ ಭದ್ರತೆಯ ವ್ಯವಸ್ಥೆ ಬೇಕು. ಅಂಥ ಬೋರ್ಡಿಗೆ ಸಾಮಾನ್ಯವಾಗಿ ಡಿಡಿಆರ್4 ಅಥವಾ ಡಿಡಿಆರ್5. ನಿಮ್ಮ ಡಿಡಿಆರ್3 ರ್ಯಾಮಿಗೆ 240 ಪಿನ್, ಇವುಗಳಿಗೆ 288. ಕೂರುವುದೇ ಇಲ್ಲ. ಆ ವಯಸ್ಸಿನ ಡಿಸ್ಕಿನಲ್ಲಿ ವಿಂಡೋಸ್ 11 ಹಾಕಿದರೆ ಬೂಟ್ ಆಗುವಷ್ಟರಲ್ಲಿ ನೀವು ಮಲ್ಪೆ ಬೀಚಿಗೆ ಹೋಗಿ ಬರಬಹುದು. ಎಸ್‌ಎಂಪಿಎಸ್ ಇಡಲು ನಾನು ಬಿಡುವುದಿಲ್ಲ. ಹಾಗಾದರೆ ಅಷ್ಟು ದುಡ್ಡು ಕೊಟ್ಟು ನೀವು ಉಳಿಸಿಕೊಂಡದ್ದು ಒಂದು ತಗಡಿನ ಪೆಟ್ಟಿಗೆ.

ಅದರ ಬದಲು 256 ಜಿಬಿಯ ಸಾಟಾ ಎಸ್‌ಎಸ್‌ಡಿ (ತಿರುಗುವ ತಟ್ಟೆ ಇಲ್ಲದ, ವೇಗದ ಡಿಸ್ಕ್; ಸಾಟಾ ಅಂದರೆ ಹಾರ್ಡ್ ಡಿಸ್ಕಿನ ಕೇಬಲ್ಲೇ) ಒಂದು ಹಾಕಿ. ಎಚ್61ರಲ್ಲಿ ಸಾಟಾ ವೇಗ ಸೆಕೆಂಡಿಗೆ 3 ಗಿಗಾಬಿಟ್ ಮಾತ್ರ, ಎಸ್‌ಎಸ್‌ಡಿ ಅರ್ಧ ವೇಗದಲ್ಲಿ ಓಡುತ್ತದೆ ಅಂತ ಯಾರಾದರೂ ಹೆದರಿಸಿಯಾರು. ಅರ್ಧ ಆದರೂ ಹಾರ್ಡ್ ಡಿಸ್ಕಿಗಿಂತ ಎಷ್ಟೋ ಜಾಸ್ತಿ, ತಲೆ ಕೆಡಿಸಿಕೊಳ್ಳಬೇಡಿ. ಸೆಕೆಂಡ್ ಹ್ಯಾಂಡ್ ಡಿಡಿಆರ್3 ತೆಗೆದುಕೊಂಡು 8 ಜಿಬಿ ಮಾಡಿ. ಲ್ಯಾಪ್‌ಟಾಪಿನದ್ದು ಕೂರುವುದಿಲ್ಲ, ಅದು ಗಿಡ್ಡ. ಇನ್ನೂ ಆಸೆ ಇದ್ದರೆ ಮೂರನೇ ಜನರೇಷನ್ ಐ5 ಹಳೆಯದು ಹುಡುಕಿ, ನಿಮ್ಮ 1155 ಸಾಕೆಟ್ಟಿಗೇ ಕೂರುತ್ತದೆ. ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನುವ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿ. ಅದರಲ್ಲೂ ಕನ್ನಡದ ಕೆಜಿಪಿ (ಕನ್ನಡ ಗಣಕ ಪರಿಷತ್ತಿನ) ಕೀಲಿಮಣೆ ಸಿಗುತ್ತದೆ, ನುಡಿ ಅಭ್ಯಾಸ ಇದ್ದವರಿಗೆ ಕೈ ತಪ್ಪುವುದಿಲ್ಲ. ಹಳೇ ಡಿಸ್ಕನ್ನು ಎರಡನೆಯದಾಗಿ ಇಡಿ, ಆದರೆ ಮದುವೆ ಫೋಟೋ ಅದರಲ್ಲಿ ಮಾತ್ರ ಇಡಬೇಡಿ.

ಕೆಲಸಕ್ಕೆ ವಿಂಡೋಸ್ 11 ಬೇಕೇ ಬೇಕು ಅಂದರೆ ಬಿಡಿಭಾಗದ ಗೊಡವೆಯೇ ಬೇಡ. ಆಫೀಸಿನಿಂದ ಹೊರಬಿದ್ದ ಎಂಟನೇ ಜನರೇಷನ್ ಮೆಷಿನ್ ಇಡಿಯಾಗಿ ತೆಗೆದುಕೊಳ್ಳಿ. ಮಾನಿಟರ್, ಕೀಬೋರ್ಡ್ ನಿಮ್ಮದೇ ನಡೆಯುತ್ತದೆ.

ಇವತ್ತು ಏನೂ ಖರೀದಿ ಮಾಡಬೇಡಿ. ಪ್ಲಗ್ ಕಿತ್ತು, ಕ್ಯಾಬಿನೆಟ್ಟಿನ ಪಕ್ಕದ ಮುಚ್ಚಳ ತೆಗೆದು, ಎಸ್‌ಎಂಪಿಎಸ್ ಸ್ಟಿಕ್ಕರಿನ ಫೋಟೋ ಇಲ್ಲಿ ಹಾಕಿ. 12 ವೋಲ್ಟಿನ ಸಾಲು ಓದುವ ಹಾಗೆ ಇರಲಿ, ಆಯ್ತಾ?