ಸ್ವಂತ ವಾಹನವಿಲ್ಲದೆ ಹಾಸನದ ಸುತ್ತಲಿನ ಹೊಯ್ಸಳರ ಊರುಗಳನ್ನು ಸರ್ಕಾರಿ ಬಸ್ಸಿನಲ್ಲೇ ನೋಡಬಹುದೇ? ಎರಡು ದಿನ ಸಾಕೇ?

ಖಂಡಿತ ನೋಡಬಹುದು. ಹಾಸನದಲ್ಲೇ ಹುಟ್ಟಿ ಬೆಳೆದ ನಾನು ಈ ಊರುಗಳನ್ನೆಲ್ಲ ನೋಡಿದ್ದು ಬಸ್ಸಿನಲ್ಲೇ. ಆದರೆ ಎರಡು ದಿನಗಳಲ್ಲಿ ಎಲ್ಲವನ್ನೂ ಮುಗಿಸುವ ಯೋಚನೆಯನ್ನು ದಯವಿಟ್ಟು ಬಿಡಿ. ದಿನಕ್ಕೆ ಎರಡು ಊರುಗಳೇ ಹೆಚ್ಚು.

ಬೇಲೂರು, ಹಳೇಬೀಡುಗಳಿಗೆ ಹಾಸನದಿಂದ ಬಸ್ಸಿಗೆ ಕೊರತೆಯಿಲ್ಲ. ಅವೆರಡರ ನಡುವಿನ ದೂರವೂ ಸುಮಾರು 16 ಕಿ.ಮೀ. ಮಾತ್ರ. ಹಳೇಬೀಡಿನಲ್ಲಿ ಹೊಯ್ಸಳೇಶ್ವರನನ್ನು ನೋಡಿದೊಡನೆ ಹಿಂದಿರುಗಬೇಡಿ. ಅಲ್ಲಿಂದ ನಡೆದೇ ಹೋಗಬಹುದಾದ ಬಸ್ತಿಹಳ್ಳಿಯಲ್ಲಿ 1133ರ ಪಾರ್ಶ್ವನಾಥ ಬಸದಿಯಿದೆ. ಕನ್ನಡಿಯಂತೆ ಹೊಳೆಯುವ ಅದರ ಕಂಬಗಳ ಮುಂದೆ ಎಷ್ಟೋ ಸಲ ನಾನೊಬ್ಬನೇ ನಿಂತಿದ್ದೇನೆ.

ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರವಾದುದು ದೊಡ್ಡಗದ್ದವಳ್ಳಿ. ಹಾಸನದಿಂದ ಬೇಲೂರಿಗೆ ಹೋಗುವ ಬಸ್ಸನ್ನೇರಿ, ಗದ್ದವಳ್ಳಿ ಕ್ರಾಸಿನಲ್ಲಿ ಇಳಿಸಬೇಕೆಂದು ಕಂಡಕ್ಟರಿಗೆ ಟಿಕೆಟ್ ಪಡೆಯುವಾಗಲೇ ಹೇಳಿರಿ. ಅಲ್ಲಿಂದ ಹಳ್ಳಿಯ ದಾರಿಯಲ್ಲಿ ನಡೆದು ಹೋದರೆ, ಕೆರೆಯ ಬದಿಯಲ್ಲಿ ನಾಲ್ಕು ಗರ್ಭಗುಡಿಗಳ ಲಕ್ಷ್ಮೀದೇವಿ ದೇವಾಲಯ ಕಾಣುತ್ತದೆ. 1114ರ ಸುಮಾರಿಗೆ ಇದನ್ನು ಕಟ್ಟಿಸಿದವರು ಅರಸರಲ್ಲ. ಕುಲ್ಲಹಣ ರಾಹುತನೆಂಬ ವರ್ತಕ ಮತ್ತು ಅವನ ಪತ್ನಿ ಸಹಜಾದೇವಿ. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆ 1117ರಲ್ಲಿ ಆಯಿತೆಂಬುದನ್ನು ನೆನೆದರೆ, ಕುಸುರಿ ಕೆತ್ತನೆ ಇನ್ನೂ ಮೈತುಂಬಿಕೊಳ್ಳದ ಈ ಸರಳ ಗೋಡೆಗಳು ಏಕೆ ಮುಖ್ಯವೆಂಬುದು ತಿಳಿಯುತ್ತದೆ. ಮೊದಲು ಇದನ್ನು ನೋಡಿ, ಅನಂತರ ಬೇಲೂರಿಗೆ ಹೋಗಿ; ಶಿಲ್ಪಿಗಳ ಕೈ ಕೆಲವೇ ವರ್ಷಗಳಲ್ಲಿ ಎಷ್ಟು ಪಳಗಿತೆಂಬುದು ಆಗ ಕಣ್ಣಿಗೇ ಕಾಣುತ್ತದೆ.

ಎರಡನೆಯ ದಿನಕ್ಕೆ ಬೆಳವಾಡಿಯನ್ನು ಇಟ್ಟುಕೊಳ್ಳಿ. ಅದು ಚಿಕ್ಕಮಗಳೂರು ಜಿಲ್ಲೆಗೆ ಸೇರಿದ್ದು, ಚಿಕ್ಕಮಗಳೂರು–ಜಾವಗಲ್ ರಸ್ತೆಯಲ್ಲಿದೆ, ಹಳೇಬೀಡಿನಿಂದಲೂ ಹೋಗಬಹುದು. ವೀರನಾರಾಯಣ, ವೇಣುಗೋಪಾಲ, ಯೋಗನರಸಿಂಹರ ಮೂರು ಗರ್ಭಗುಡಿಗಳಿರುವ ಆ ದೇವಾಲಯದ ತೆರೆದ ಮಂಟಪದಲ್ಲಿ ಕನಿಷ್ಠ ಒಂದು ಗಂಟೆಯಾದರೂ ಕುಳಿತುಕೊಳ್ಳಿ. ಅರ್ಧ ದಿನವಷ್ಟೇ ಉಳಿದಿದ್ದರೆ, ಅರಸೀಕೆರೆ ರಸ್ತೆಯಿಂದ ತುಸು ಒಳಗಿರುವ ಕೋರವಂಗಲದ ಬೂಚೇಶ್ವರ ದೇವಾಲಯವನ್ನು ನೋಡಬಹುದು, ಅದು 1173ರದು.

ಹಳ್ಳಿಯ ಬಸ್ಸುಗಳು ಶಾಲೆ, ಸಂತೆಗಳ ಹೊತ್ತಿಗೆ ಹೊಂದಿಕೊಂಡು ಓಡುವುದರಿಂದ ಬೆಳಿಗ್ಗೆ, ಸಂಜೆ ಸಿಗುವಷ್ಟು ಸುಲಭವಾಗಿ ನಡುಮಧ್ಯಾಹ್ನ ಸಿಗುವುದಿಲ್ಲ. ಆದ್ದರಿಂದ ಇಳಿಯುವ ಮೊದಲೇ ಹಿಂದಿರುಗುವ ಬಸ್ಸಿನ ಸಮಯವನ್ನು ಕಂಡಕ್ಟರನ್ನು ಕೇಳಿರಿ. ಇಳಿದ ಮೇಲೆ ಕ್ರಾಸಿನ ಅಂಗಡಿಯವರನ್ನು ಇನ್ನೊಮ್ಮೆ ಕೇಳಿರಿ. ಒಮ್ಮೆ ನಾನು ಕೇಳದೆ ಹೋಗಿ ಸಂಜೆಯ ಕೊನೆಯ ಬಸ್ಸನ್ನು ತಪ್ಪಿಸಿಕೊಂಡಿದ್ದೆ. ಆಗ ದೇವಾಲಯದ ಎದುರು ಮನೆಯ ಅಜ್ಜಿಯೊಬ್ಬರು ಜಗಲಿಯಲ್ಲಿ ಕೂರಿಸಿ, ಕಾಫಿ ಕೊಟ್ಟು, ಹಾಲಿನ ಕ್ಯಾನುಗಳನ್ನು ಒಯ್ಯುತ್ತಿದ್ದ ಗಾಡಿಯಲ್ಲಿ ಮುಖ್ಯರಸ್ತೆಯವರೆಗೆ ಕಳುಹಿಸಿಕೊಟ್ಟರು. ಮುಂದಿನ ಸಲ ಹೋದಾಗ ಅವರಿಗೆಂದು ಹಾಸನದಿಂದ ಒಂದು ಮೊಳ ಮಲ್ಲಿಗೆ ಒಯ್ದಿದ್ದೆ.